ಶಿರಾದಿಂದ ಬರುತ್ತಿದ್ದ ಮೊರ

ಮಧುಗಿರಿ
16-2-2025

ಚಿ. ಭುವನಾಳಿಗೆ ಅಮ್ಮನ ಆಶೀರ್ವಾದ.

ನೀನು ಪುಣೆಯಿಂದ ಕಳಿಸಿದ ದಪ್ಪ ಲಕೋಟೆ ಗುರುವಾರ ಬಂತು. ಪೋಸ್ಟ್‌ಮ್ಯಾನ್ ಸುರೇಶ್ ಮನೆತನಕ ಹೋಗದೆ ತಾಲ್ಲೂಕು ಕಚೇರಿ ಎದುರಿನ ಹುಣಸೆಮರದ ಕೆಳಗೇ ತಂದುಕೊಟ್ಟ. ನಾನು ಯಾರದೋ ಪಹಣಿ ತಿದ್ದುಪಡಿಗೆ ಅರ್ಜಿ ಬರೆಯುತ್ತಾ ಕೂತಿದ್ದೆ. "ಏನಕ್ಕ ಇಷ್ಟ್ ದಪ್ಪ? ಕೋರ್ಟಿಂದಾ?" ಅಂದ. "ಅಲ್ಲ ಕಣಪ್ಪ, ನನ್ನ ಮಗಳು ನನ್ನ ಮೇಲೆ ಒಂದು ಸಾಕ್ಷ್ಯಚಿತ್ರ ತೆಗೆದವ್ಳಲ್ಲ, ಅದಕ್ಕೆ ಪೇಪರ್‌ನೋರು ಕೊಟ್ಟಿರೋ ತೀರ್ಪು" ಅಂದೆ. ಅವನಿಗೆ ಏನೂ ತಿಳಿಯಲಿಲ್ಲ, ಸಹಿ ಹಾಕಿಸಿಕೊಂಡು ಹೋದ.

ಎಲ್ಲವನ್ನೂ ಓದಿದೆ. ಇಂಗ್ಲಿಷಿನದನ್ನು ವಕೀಲ ರುದ್ರಯ್ಯನವರು ಓದಿ ಅರ್ಥ ಹೇಳಿದರು. ಬೆಂಗಳೂರಿನ ಪತ್ರಿಕೆಯವನು ನನ್ನ ಬಾಳನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾನೆ: "2011ರಲ್ಲಿ ತಾಲ್ಲೂಕು ಪಂಚಾಯ್ತಿ ಅಧ್ಯಕ್ಷೆಯಾಗಿದ್ದ ದಾಕ್ಷಾಯಣಮ್ಮ ಮತ್ತು ಪ್ರಬಲ ಶಾಸಕರೊಬ್ಬರ ಫೋನ್ ಮಾತುಕತೆಯ ನಲವತ್ತು ಸೆಕೆಂಡು ಟೀವಿಯಲ್ಲಿ ಪ್ರಸಾರವಾಯಿತು. ಶಾಸಕರು ಅಸಭ್ಯವಾಗಿ ಮಾತಾಡುತ್ತಾರೆ, ಆಕೆ ನಗುತ್ತಾರೆ. ಶಾಸಕರು ಮುಂದಿನ ಚುನಾವಣೆಯನ್ನೂ ಗೆದ್ದರು. ಆಕೆ ಅಧಿಕಾರ, ಗಂಡ, ತವರು ಮೂರನ್ನೂ ಕಳೆದುಕೊಂಡರು." ಇಷ್ಟೇ ವಿಷಯಕ್ಕೆ ನಾನಾದರೆ ಎರಡು ಪುಟ ಬರೆದು ಸ್ಟಾಂಪು ಹಚ್ಚುತ್ತಿದ್ದೆ. ಹನ್ನೊಂದು ವರ್ಷದ ಮಗಳನ್ನು ಕೊರಟಗೆರೆಗೆ ದೊಡ್ಡಮ್ಮನ ಮನೆಗೆ ಬಸ್ ಹತ್ತಿಸಿ ಕಳಿಸಿದ್ದನ್ನು ಮಾತ್ರ ಮರೆತಿದ್ದಾನೆ ಪುಣ್ಯಾತ್ಮ.

ಇನ್ನೊಬ್ಬಳು, "ಇಡೀ ಚಿತ್ರದಲ್ಲಿ ದಾಕ್ಷಾಯಣಮ್ಮ ಒಮ್ಮೆಯೂ ನಗುವುದಿಲ್ಲ, ಅದೇ ಅವರ ಪ್ರತಿಭಟನೆ" ಅಂದಿದ್ದಾಳೆ. ಪ್ರತಿಭಟನೆಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ನೀನು ಕ್ಯಾಮೆರಾ ಹೊತ್ತು ಬಂದ ವಾರವೆಲ್ಲ ನನಗೆ ಹಲ್ಲುನೋವು.

ಆದರೆ ಒಂದು ಮಾತನ್ನು ಮೂರು ಸಲ ಓದಿದೆ. ನಡುಮನೆಯ ಗೋಡೆಯ ಮೇಲಿನ ಮೊರ. "ಖಾಲಿ ಮೊರವೇ ಈ ಚಿತ್ರದ ಹೃದಯ. ಅದರ ಬೆನ್ನ ಮೇಲಿನ ಮೂರು ಕೆಂಪು ಗೆರೆಗಳು ಸಮಾಜ, ಪಕ್ಷ, ಮಾಧ್ಯಮಗಳು ಆಕೆಯ ಬಾಳಿನ ಮೇಲೆ ಎಳೆದ ಗೆರೆಗಳು" ಅಂತ ಇದೆ. ಅಯ್ಯೋ ಶಿವನೇ! ಗೆರೆ ಗೋಡೆಯ ಕಡೆಗಿರುವ ಹಾಗೆ ನಾನೇ ಅದನ್ನು ತೂಗುಹಾಕಿದ್ದೆನಲ್ಲ. ನೀನು ಯಾವಾಗ ಹಿಡಿದೆ? ಎಷ್ಟು ಹೊತ್ತು ಕಾಣುತ್ತದೆ? ಕೂಡಲೇ ಬರಿ.

ಇಂತಿ ನಿನ್ನ ಅಮ್ಮ,
ದಾಕ್ಷಾಯಣಮ್ಮ

———

ಪುಣೆ
5-3-2025

ಪ್ರೀತಿಯ ಅಮ್ಮ,

ಈ ಕಾಲದಲ್ಲೂ ಅಮ್ಮನಿಗೆ ಕಾಗದ ಬರೆಯುವವಳು ನೀನೊಬ್ಬಳೇ ಅಂತ ಗೆಳತಿಯರು ನಗುತ್ತಾರೆ. ಅಮ್ಮ ಹದಿನಾಲ್ಕು ವರ್ಷದಿಂದ ಫೋನ್ ಮುಟ್ಟಿಲ್ಲ ಅಂದರೆ ಸುಮ್ಮನಾಗುತ್ತಾರೆ. ಚಿತ್ರ ನೋಡಿದ ಮೇಲಂತೂ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಮೊರದ ವಿಷಯ ಕೇಳಿದ್ದೀಯ. ಹೋದ ವರ್ಷ ಗೌರಿಹಬ್ಬಕ್ಕೆ ಮೊದಲಿನ ವಾರ, ಒಂದು ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಕಿಟಕಿಯಿಂದ ಬಿಸಿಲು ನೇರವಾಗಿ ಗೋಡೆಗೆ ಬೀಳುತ್ತಿತ್ತು. ಮೊರ ತಿರುಗಿಸಿ ನೋಡಿದೆ, ಕೆಂಪು ಗೆರೆ ಕಂಡಿತು, ಹಾಗೇ ತೂಗುಹಾಕಿ ಹಿಡಿದೆ. ಆಮೇಲೆ ಮೊದಲಿದ್ದ ಹಾಗೆ ಇಟ್ಟೆ. ಒಂದು ನಿಮಿಷ ಹತ್ತು ಸೆಕೆಂಡಿನ ಶಾಟ್, ಚಿತ್ರ ಮುಗಿಯುವುದೇ ಅದರಲ್ಲಿ. ಪೋಸ್ಟರಿನಲ್ಲಿಯೂ ಅದೇ ಇದೆ. ನಿನಗೊಂದು ಕಳಿಸಿದ್ದೇನೆ.

ಜೂನ್ ಹದಿನೈದಕ್ಕೆ ತುಮಕೂರಿನಲ್ಲಿ ಪ್ರದರ್ಶನ, ಆಮೇಲೆ ಆನ್‌ಲೈನ್. ನೀನು ಬರಬೇಕು. ಇನ್ನೊಂದು ಸುದ್ದಿ: ಪ್ರಭುದೇವ್ ಮಾವ ಫೋನ್ ಮಾಡಿದ್ದರು! "ನಮ್ಮಕ್ಕ ನಮ್ಮ ಮನೆತನಕ್ಕೇ ಹೆಸರು ತಂದ್ಳು ಕಣಮ್ಮ" ಅಂದರು. ಇಷ್ಟು ವರ್ಷ ಇವರು ಎಲ್ಲಿದ್ದರು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅಮ್ಮ, ಊರು ನಿನ್ನನ್ನು ಬೇರೆ ಥರ ನೋಡಲು ಶುರುಮಾಡಿದೆ. ನಾನು ಈ ಚಿತ್ರ ಮಾಡಿದ್ದೇ ಅದಕ್ಕೆ.

ನಿನ್ನ,
ಭುವನಾ

———

15-3-2025

ಇಂದ,
ದಾಕ್ಷಾಯಣಮ್ಮ, ಅರ್ಜಿ ಬರೆಯುವವಳು,
ಹುಣಸೆಮರದ ಕೆಳಗೆ, ತಾಲ್ಲೂಕು ಕಚೇರಿ ಎದುರು, ಮಧುಗಿರಿ.

ಗೆ,
ನಿರ್ದೇಶಕರು, 'ನಲವತ್ತು ಸೆಕೆಂಡು' ಸಾಕ್ಷ್ಯಚಿತ್ರ,
ಪುಣೆ.

ಮಾನ್ಯರೇ,

ವಿಷಯ: ಮೊರದ ದೃಶ್ಯವನ್ನು ಚಿತ್ರದಿಂದಲೂ ಪೋಸ್ಟರಿನಿಂದಲೂ ತೆಗೆದುಹಾಕುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಅರ್ಜಿದಾರಳು ತನ್ನ ಮುಖ, ಮನೆ, ಹರಿದ ಚಾಪೆ, ಒಗೆದ ಲಂಗ ಎಲ್ಲವನ್ನೂ ತೋರಿಸಲು ಒಪ್ಪಿರುತ್ತಾಳೆ. ಅವಳ ತಕರಾರು ಇಲ್ಲ. ಮೊರ ಮಾತ್ರ ಅವಳ ಸ್ವಂತದ್ದಲ್ಲ. ಅದರ ಮೇಲಿನ ಗೆರೆ ಸಮಾಜವೂ ಅಲ್ಲ, ಮಾಧ್ಯಮವೂ ಅಲ್ಲ. ಮದುವೆಮನೆಗೆ ಕೊಟ್ಟ ಮೊರ, ಕೊಳಗ ತಪ್ಪದೆ ತಿರುಗಿ ಬರಲಿ ಅಂತ ಒಂದೊಂದು ಮನೆಯವರು ಹಾಕಿಕೊಳ್ಳುವ ಗುರುತು. ಯಾರ ಮನೆಯದು ಅಂತ ಅರ್ಜಿದಾರಳು ಹೇಳುವ ಹಾಗಿಲ್ಲ. ಮಾತು ಕೊಟ್ಟಿರುತ್ತಾಳೆ. ತುಮಕೂರಿನಲ್ಲಿ ತೋರಿಸುವ ಮುನ್ನ ತೆಗೆಯದಿದ್ದರೆ, ಒಬ್ಬ ಹೆಂಗಸಿಗೆ ತೊಂದರೆಯಾಗುತ್ತದೆ.

ಅರ್ಜಿ ಇಲ್ಲಿಗೆ ಮುಗಿಯಿತು, ಭುವನಾ. ನಿನ್ನ ಹತ್ತಿರ ಏನನ್ನಾದರೂ ಕೇಳುವ ಹಕ್ಕು ಬಸ್ ಸ್ಟ್ಯಾಂಡಿನಲ್ಲೇ ಕಳೆದುಕೊಂಡೆ ಅಂತ ನನಗೆ ಗೊತ್ತು. ಅದಕ್ಕೇ ಅರ್ಜಿಯ ಥರ ಬರೆದೆ. ಆ ಮೊರದ ದೃಶ್ಯ ಕಿತ್ತುಹಾಕಮ್ಮ.

ತಮ್ಮ ವಿಧೇಯಳು,
ದಾಕ್ಷಾಯಣಮ್ಮ

———

ಪುಣೆ
2-4-2025

ಅಮ್ಮ,

ಕಾರಣ ಬರೆಯದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ ಅಂತ ನೀನೇ ಹೇಳುತ್ತಿದ್ದೆ. ಯಾರೋ ಒಬ್ಬ ಹೆಂಗಸು, ಏನೋ ಒಂದು ತೊಂದರೆ, ಹೇಳುವ ಹಾಗಿಲ್ಲ. ಇಷ್ಟಕ್ಕೆ ಮೂರು ವರ್ಷದ ಕೆಲಸದ ಕೊನೆಯನ್ನೇ ಕತ್ತರಿಸಲೇ? ಎಲ್ಲ ವಿಮರ್ಶಕರೂ ಹಿಡಿದುಕೊಂಡದ್ದು ಅದೊಂದನ್ನೇ. ಅದನ್ನು ತೆಗೆದರೆ ಏನು ಉಳಿಯುತ್ತದೆ?

ಎಲ್ಲರೂ ಹೊಗಳಿಲ್ಲ, ನಿನಗೆ ಕಳಿಸದ ವಿಮರ್ಶೆಯೂ ಒಂದಿದೆ. "ಮಗಳು ತಾಯಿಯನ್ನು ಎಲ್ಲ ಕೇಳುತ್ತಾಳೆ, ಕೇಳಬೇಕಾದ ಒಂದನ್ನು ಬಿಟ್ಟು: ಆ ದಿನ ಯಾಕೆ ನಕ್ಕೆ?" ಅಂತ. ಕೊರಟಗೆರೆ ಸ್ಕೂಲಿನಲ್ಲಿ ನಾನು ಕ್ಲಾಸಿಗೆ ಹೋದಾಗಲೆಲ್ಲ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿನ್ನ ಹಾಗೆ ನಗುತ್ತಿದ್ದರು. ಟೀವಿಯಲ್ಲಿ ಕೇಳಿ ಕೇಳಿ ಥೇಟ್ ಕಲಿತುಬಿಟ್ಟಿದ್ದರು. ನಾನು ಕೇಳದೆ ಬಿಟ್ಟದ್ದಲ್ಲ ಅಮ್ಮ. ಏನು ಉತ್ತರ ಬರುತ್ತದೋ ಅಂತ ಹೆದರಿ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಯಾಕೆ ನಕ್ಕೆ? ಇದಕ್ಕೆ ಉತ್ತರ ಕೊಡು, ಮೊರದ ಬಗ್ಗೆ ಆಮೇಲೆ ಯೋಚಿಸುತ್ತೇನೆ.

ಭುವನಾ

———

(ಅಂಚೆ ಕಾರ್ಡು)

ಮಧುಗಿರಿ
14-4-2025

ಚಿ. ಭುವನಾಳಿಗೆ.

ನಿನ್ನ ಕಾಗದ ಸೇರಿತು. ನಿನ್ನ ಪ್ರಶ್ನೆಗೂ ಆ ಮೊರಕ್ಕೂ ಉತ್ತರ ಒಂದೇ. ಒಂದನ್ನು ಹೇಳಿದರೆ ಇನ್ನೊಂದು ಹೇಳಿದ ಹಾಗೆ. ಕೊಟ್ಟ ಮಾತು ಮುರಿಯಲಾರೆ. ತುಮಕೂರಿಗೆ ನಾನು ಬರುವುದಿಲ್ಲ. ಇಲ್ಲಿ ಬಿಸಿಲು ಜಾಸ್ತಿ, ಬೆಟ್ಟದ ಬಂಡೆ ಕಾದು ಸಂಜೆಯವರೆಗೂ ಬಿಸಿಗಾಳಿ. ಹೊಟ್ಟೆಗೆ ಸರಿಯಾಗಿ ತಿನ್ನು.

ಅಮ್ಮ

———

ತುಮಕೂರು
16-6-2025

ಅಮ್ಮ,

ಇಲ್ಲಿಂದ ಮಧುಗಿರಿಗೆ ಒಂದೂವರೆ ಗಂಟೆ. ಬಸ್ ಸ್ಟ್ಯಾಂಡಿನವರೆಗೂ ಹೋಗಿ ವಾಪಸ್ ಬಂದೆ. ಎದುರಿಗೆ ಕೂತರೆ ಜಗಳ ಆಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಹಾಲ್ ತುಂಬಿತ್ತು. ಚಿತ್ರ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವ ಮುಂದಿನ ಸಾಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪಾವಗಡದಿಂದ ಬಂದಿದ್ದ ಮೇಷ್ಟರೊಬ್ಬರು, "ಆ ಕಾಲ್ದಲ್ಲಿ ನಾವೂ ಆಯಮ್ಮನ್ನ ಆಡ್ಕೊಂಡ್ ನಕ್ಕಿದ್ವಮ್ಮ, ತಪ್ಪಾಯ್ತು" ಅಂತ ಮೈಕಿನಲ್ಲೇ ಹೇಳಿದರು. ನೀನು ಕೇಳಬೇಕಿತ್ತು.

ಹೊರಗೆ ಒಬ್ಬರು ಪೋಸ್ಟರಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಬಿಳಿ ಷರಟು, ಮರ್ಯಾದಸ್ಥರು. ಶಿರಾದವರಂತೆ, ಪ್ರಸನ್ನ ಕುಮಾರ್ ಅಂತ ಹೆಸರು ಹೇಳಿದರು. "ಈ ಮೊರ ಎಲ್ಲಿ ಸಿಕ್ತಮ್ಮ ನಿಮ್ಗೆ?" ಅಂತ ಕೇಳಿದರು. ನಮ್ಮ ಮನೆಯದೇ, ಅಟ್ಟದ ಮೇಲೆ ಇಂಥವು ಒಂದು ರಾಶಿಯೇ ಇದೆ ಅಂದೆ. "ಒಂದ್ ರಾಶಿನಾ?" ಅಂದರು. ಫೋಟೋ ತೆಗೆದುಕೊಂಡು ಕೈಮುಗಿದು ಹೋದರು. ನೋಡು, ನೀನು ಹೆದರಿದ ಹಾಗೆ ಏನೂ ಆಗಲಿಲ್ಲ.

ನಿನ್ನ,
ಭುವನಾ

———

ಮಧುಗಿರಿ
20-6-2025

ಭುವನಾ,

ಆಗಿಹೋಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ. ಎಲ್ಲವನ್ನೂ ಬರೆಯುತ್ತೇನೆ.

ಆ ಪ್ರಸನ್ನ ಕುಮಾರ್ ಅದೇ ಶಾಸಕನ ಹಿರೀ ಮಗ. ಮೊರ ಅವನ ತಾಯಿ ರಾಜಲಕ್ಷ್ಮಮ್ಮನದು.

ಮೊದಲು ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ದಿನ ಶಾಸಕ ಫೋನ್ ಮಾಡಿ, ಕೊರೆಯದ ಕೊಳವೆಬಾವಿಗಳನ್ನು ಕೊರೆದಿದೆ ಅಂತ ಸಹಿ ಹಾಕು ಅಂದ. ಆಗಲ್ಲ ಅಂದೆ. ಹನ್ನೊಂದು ನಿಮಿಷ ಬೇರೆ ಬೇರೆ ಥರ ಆಗಲ್ಲ ಅಂದೆ. ಕೊನೆಗೆ, "ಸಹಿ ಹಾಕೋ ಆ ಕೈಗೆ ನಾನೇ ಬಳೆ ತೊಡಿಸ್ತೀನಿ, ಗೆಸ್ಟ್ ಹೌಸಿಗೆ ಬಾ" ಅಂದ. ಉಗಿಯಬೇಕಿತ್ತು, ಉಗಿಯಲಿಲ್ಲ. ಸಿಟ್ಟಾದರೆ ಏನು ಮಾಡುತ್ತಾನೋ, ಸುಮ್ಮನಿದ್ದರೆ ಒಪ್ಪಿದಳು ಅಂದುಕೊಳ್ಳುತ್ತಾನೋ. ಅದಕ್ಕೇ ನಕ್ಕೆ. ನಕ್ಕು ಫೋನ್ ಇಟ್ಟೆ. ಸಹಿ ಹಾಕಲಿಲ್ಲ. ಮುಂದಿನ ವಾರ ಆ ನಗು ಟೀವಿಯಲ್ಲಿ ಬಂತು. ಆಗಲ್ಲ ಅಂದ ಮಾತು ಒಂದೂ ಬರಲಿಲ್ಲ.

ಯಾಕೆ ಆಗಲೇ ಹೇಳಲಿಲ್ಲ ಅನ್ನುತ್ತೀಯ. ಹೇಳಿದೆ. ಹೆದರಿ ನಕ್ಕೆ ಅಂತ ನಿನ್ನ ಅಪ್ಪನಿಗೆ ಹೇಳಿದೆ. "ಹೆದರಿದೋರು ಅಳ್ತಾರೆ, ನಗಲ್ಲ" ಅಂದು ರೇಣುಕಯ್ಯನವರು ಹುಲಿಕುಂಟೆಯ ಅಣ್ಣನ ಮನೆಗೆ ಹೊರಟುಹೋದರು. ನಿನ್ನ ಮಾವನಿಗೆ ಹೇಳಿದೆ, ಅವನು ಆ ವರ್ಷದಿಂದ ಗೌರಿ ಬಾಗಿನ ನಿಲ್ಲಿಸಿದ. ಹಬ್ಬದ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಸೆರಗು ಮುಚ್ಚಿಕೊಂಡು ಮೊರ ಹಿಡಿದು ನನ್ನ ಬಾಗಿಲು ದಾಟಿ ಹೋದರು. ಗಂಡ ಬಿಟ್ಟವಳು ಮುತ್ತೈದೆಯೋ ಅಲ್ಲವೋ ಅಂತ ಅವರಿಗೂ ಅನುಮಾನ. ನಾನು ಹೊಸ್ತಿಲ ಒಳಗೆ ಕೂತು ನೋಡುತ್ತಿದ್ದೆ.

ಹನ್ನೊಂದು ಗಂಟೆಗೆ ಬಳೆ ಮಾರುವ ಪೆದ್ದಮ್ಮ ಬಂದಳು. ಪಾವಗಡದ ಕಡೆಯವಳು, ತೆಲುಗು ಬೆರೆಸಿ ಮಾತಾಡುವವಳು, ಶಿರಾದಿಂದ ಮಧುಗಿರಿವರೆಗೂ ಬುಟ್ಟಿ ಹೊತ್ತು ತಿರುಗುವವಳು. ಅವಳ ಹಿಂದೆ ಸಾದಾ ಸೀರೆಯುಟ್ಟ ಇನ್ನೊಬ್ಬ ಹೆಂಗಸು. ಬುಟ್ಟಿಯಿಂದ ಬಾಗಿನ ತೆಗೆದು, ಸೆರಗು ಮುಚ್ಚಿ, ನನ್ನ ಮುಂದೆ ಹಿಡಿದು, "ನಾನು ರಾಜಲಕ್ಷ್ಮಿ, ಅವ್ರ ಹೆಂಡ್ತಿ" ಅಂದರು. ನನ್ನನ್ನು ಹೊಡೆಯಲು ಬಂದರೇನೋ ಅಂದುಕೊಂಡೆ.

"ಟೀವೀಲಿ ಆ ನಗು ಕೇಳ್ದೆ ಕಣಮ್ಮ. ಮನೇಲಿ ಎಲ್ರೂ ಥೂ ಅಂದ್ರು. ನಾನ್ ಅನ್ಲಿಲ್ಲ. ಆ ನಗು ನಂಗ್ ಗೊತ್ತು. ಇಪ್ಪತ್ತೆಂಟ್ ವರ್ಷದಿಂದ ನಾನೂ ಅಂಗೇ ನಕ್ಕೊಂಡ್ ಬಂದಿವ್ನಿ. ಇಲ್ಲಾಂದ್ರೆ ಆ ಮನೇಲಿ ಬದ್ಕಕ್ಕಾಗಲ್ಲ" ಅಂದರು.

ಭುವನಾ, ಇಡೀ ರಾಜ್ಯದಲ್ಲಿ ಆ ನಗುವನ್ನು ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ. ಇಬ್ಬರೂ ಅತ್ತೆವು. ಪೆದ್ದಮ್ಮ ಬಾಗಿಲಿಗೆ ಅಡ್ಡ ಕೂತು ಬಳೆ ಜೋಡಿಸುತ್ತಿದ್ದಳು.

ಹೋಗುವಾಗ ಮೊರದ ಬೆನ್ನಿನ ಗುರುತು ನೋಡಿ ನಾನೇ ಹೇಳಿದೆ, ಇದು ಬೇಡಮ್ಮ, ಯಾರಾದರೂ ಕಂಡರೆ ಕಷ್ಟ, ಗುರುತಿಲ್ಲದ ಮೊರ ತನ್ನಿ ಅಂದೆ. ಒಪ್ಪಲಿಲ್ಲ. "ಮನೆ ಗುರುತಿಲ್ದೆ ಬಾಗಿನ ಕೊಟ್ರೆ ಕದ್ದು ಕೊಟ್ಟಂಗಾಯ್ತದೆ. ಗೌರಮ್ಮನ ಬಾಗಿನ ಕದ್ದು ಕೊಡೋ ವಸ್ತು ಅಲ್ಲ. ನೀನು ಯಾರ್ಗೂ ಹೇಳ್ಬೇಡ, ಅಷ್ಟೇಯ" ಅಂದರು. ಮತ್ತೆ ಎಂದೂ ಅವರಿಗೆ ಬರಲಾಗಲಿಲ್ಲ. ಪೆದ್ದಮ್ಮನ ಬುಟ್ಟಿಯಲ್ಲಿ ಮೊರ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ಒಂದು ರವಿಕೆ ಕಣ. ನಿನ್ನ ವಿಮರ್ಶಕರು ಖಾಲಿ ಮೊರ ಅಂದರಲ್ಲ, ನನ್ನ ಮನೆಯಲ್ಲಿ ತುಂಬಿ ಬಂದದ್ದು ಅದೊಂದೇ.

ಗೆರೆಯನ್ನು ಗೋಡೆಗೆ ಮಾಡಿ ಹದಿಮೂರು ವರ್ಷ ಕಾದೆ. ತಿರುಗಿಸಿದವಳು ನೀನು. ನಿನ್ನನ್ನು ಬೈಯಲು ಬಾಯಿ ಬರುತ್ತಿಲ್ಲ. ಹೇಳದೆ ಇದ್ದವಳು ನಾನೇ ತಾನೆ.

ಆನ್‌ಲೈನಿಗೆ ಹಾಕಬೇಡ. ಬೇಡಿಕೊಳ್ಳುತ್ತೇನೆ.

ಅಮ್ಮ

———

ಪುಣೆ
2-7-2025

ಅಮ್ಮ,

ಶಾಟ್ ತೆಗೆದೆ. ಪೋಸ್ಟರನ್ನೂ ಎಲ್ಲ ಕಡೆಯಿಂದ ತೆಗೆಸಿದೆ. ಕೊನೆ ಹಾಳಾಯಿತು ಅಂತ ಈಗಲೇ ಒಬ್ಬರು ಬರೆದಿದ್ದಾರೆ, ಬರೆಯಲಿ. ಶಿರಾಕ್ಕೆ ಹೋಗಿ ರಾಜಲಕ್ಷ್ಮಮ್ಮನವರ ಕಾಲು ಹಿಡಿಯಲೇ ಅಂದರೆ, ನಾನು ಹೋದರೆ ಅವರಿಗೇ ಇನ್ನಷ್ಟು ಕಷ್ಟ ಅನ್ನಿಸುತ್ತದೆ. ಏನು ಮಾಡಬೇಕು ಹೇಳು.

ನಿನ್ನ ಕಾಗದವನ್ನು ದಿನಾ ಓದುತ್ತೇನೆ. ಕೊರಟಗೆರೆಯಲ್ಲಿ ನನ್ನನ್ನು ನೋಡಿ ಹುಡುಗಿಯರು ನಗುವಾಗ, ಅಳಬಾರದು ಅಂತ, ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ ಅಮ್ಮ. ಅದು ಈಗ ನೆನಪಾಯಿತು. ನನಗೆ ಆಗಲೇ ತಿಳಿಯಬೇಕಿತ್ತು.

ಗೌರಿಹಬ್ಬಕ್ಕೆ ಮೊರ ಬರುತ್ತದೆ ಅಲ್ಲವೇ? ಬಂದ ಕೂಡಲೇ ಒಂದು ಸಾಲು ಬರಿ.

ಭುವನಾ

———

ಮಧುಗಿರಿ
28-8-2025

ಚಿ. ಭುವನಾಳಿಗೆ ಅಮ್ಮನ ಆಶೀರ್ವಾದ.

ಮಂಗಳವಾರ ಹಬ್ಬ ಆಯಿತು. ಬೆಳಿಗ್ಗೆ ನಿನ್ನ ಮಾವ ಹೆಂಡತಿಯನ್ನು ಕರೆದುಕೊಂಡು ಕಾರಿನಲ್ಲಿ ಬಂದ. ಬಾಗಿನ ತಂದಿದ್ದ. ತುಮಕೂರಿನ ಅಂಗಡಿಯದು, ಅಂಗೈ ಅಗಲದ ಮೊರ, ಮೇಲೆ ಪ್ಲಾಸ್ಟಿಕ್ ಹಾಳೆ. "ಅಕ್ಕ, ಪೇಪರಲ್ಲಿ ಬಂದಿದ್ದೆಲ್ಲ ಕಟ್ ಮಾಡಿ ಫೈಲ್ ಮಾಡಿವ್ನಿ" ಅಂದ. ಈ ಬಾಗಿನಕ್ಕೆ ನಾನು ಎಷ್ಟು ವರ್ಷ ಬಾಗಿಲು ಕಾದಿದ್ದೆ ಅಂತ ಅವನಿಗೇನು ಗೊತ್ತು? ಒಡಹುಟ್ಟಿದವನು, ಬೇಡ ಅನ್ನಲಾಗಲಿಲ್ಲ. ತೆಗೆದುಕೊಂಡು ಕಾಫಿ ಕೊಟ್ಟೆ. ಅವನು ಹೋಗುವವರೆಗೂ ನನ್ನ ಕಣ್ಣು ಬೀದಿಯ ಮೇಲೇ ಇತ್ತು. ಬೀದಿಯ ಇಬ್ಬರು ಹೆಂಗಸರೂ ಬಂದು ಬಾಗಿನ ಕೊಟ್ಟರು. ಒಬ್ಬಳು ಸೆಲ್ಫಿ ಕೇಳಿದಳು.

ಮೂರು ಗಂಟೆಗೆ ಪೆದ್ದಮ್ಮ ಬಂದಳು. ಬುಟ್ಟಿಯಲ್ಲಿ ಬಳೆ ಮಾತ್ರ ಇತ್ತು.

"ಏಂ ಚೆಪ್ಪೇದಿ ತಲ್ಲಿ, ಏನಂತ ಹೇಳ್ಲಿ, ಶಿರಾ ಮನೇಲಿ ಮೊರಗೊಳ್ನೆಲ್ಲ ಒಟ್ಟಾಕಿ ಹಿತ್ಲಲ್ಲಿ ಸುಟ್ಬುಟ್ರಂತೆ. ನನ್ನ ಬಾಗ್ಲಲ್ಲೇ ನಿಲ್ಸಿದ್ರು. ಬಳೆ ತೊಡ್ಸುವಾಗ್ಲೂ ಸೊಸೆ ಪಕ್ಕದಾಗೇ ಕೂತಿದ್ಲು. ದೊಡ್ಡ ಮಗ ಬಂದು, 'ಇನ್ಮೇಲೆ ನಮ್ಮಮ್ಮ ಎಲ್ಲಿಗೂ ಬಾಗಿನ ಕಳ್ಸಲ್ಲ, ಅಲ್ವೇನಮ್ಮ?' ಅಂದ. ಅವ್ರಪ್ಪನೂ ಅಲ್ಲೇ ಕುರ್ಚೀಲಿ ಕೂತಿದ್ದ."

"ಅಮ್ಮ ಏನಂದ್ರು?" ಅಂದೆ.

"ಏಮೀ ಅನ್ಲಿಲ್ಲ ತಲ್ಲಿ. ನಕ್ಬುಟ್ರು."

"ಹೆಂಗ್ ನಕ್ರು?"

ಕೇಳಬಾರದಿತ್ತು, ಕೇಳಿಬಿಟ್ಟೆ. ಪೆದ್ದಮ್ಮನ ಮನೆಯಲ್ಲಿ ಇವತ್ತಿಗೂ ಟೀವಿ ಇಲ್ಲ. ನನ್ನ ನಗುವನ್ನು ಅವಳು ಟೀವಿಯಲ್ಲಿ ಕೇಳಿದವಳೇ ಅಲ್ಲ. ಬಳೆಯ ಬುಟ್ಟಿಯ ಮುಂದೆ ಕೂತು, ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ರಾಜಲಕ್ಷ್ಮಮ್ಮ ನಕ್ಕ ಹಾಗೆ ನಕ್ಕು ತೋರಿಸಿದಳು.

ಅದು ನನ್ನ ನಗು, ಭುವನಾ. ಒಂದು ಉಸಿರೂ ವ್ಯತ್ಯಾಸವಿರಲಿಲ್ಲ.

ತೋರಿಸಿ ಮುಗಿಸಿ ಪೆದ್ದಮ್ಮ ಗೊಳೋ ಅಂತ ಅತ್ತಳು. ನನಗೆ ಅಳು ಬರಲಿಲ್ಲ. ಅವಳಿಗೆ ಊಟ ಹಾಕಿ ಕಳಿಸಿದೆ. ಆಮೇಲೆ ಸ್ಟೂಲು ಹಾಕಿಕೊಂಡು ಹತ್ತಿ, ಗೋಡೆಯ ಮೇಲಿನ ಮೊರ ಇಳಿಸಿ, ಧೂಳು ಒರೆಸಿ, ಗೆರೆ ಎದುರಿಗೆ ಕಾಣುವ ಹಾಗೆ ತಿರುಗಿಸಿ ತೂಗುಹಾಕಿದೆ. ಇನ್ನು ಯಾರಿಗೋಸ್ಕರ ಮುಚ್ಚಿಡಬೇಕು?

ರಜ ಸಿಕ್ಕಾಗ ಬಾ. ಕ್ಯಾಮೆರಾ ಬೇಡ.

ಇಂತಿ,
ಅಮ್ಮ